ಜಿತೇಂದ್ರನ ತೂಕ

ಕಿರಿಮಂಜೇಶ್ವರದ ಬಾಗಿಯ ಮಗ ಜಿತೇಂದ್ರನಿಗೆ ಹೊಡೆಯುವುದಕ್ಕಿಂತ ಮೊದಲು ಬಂದದ್ದು ತಪ್ಪಿಸಿಕೊಳ್ಳುವ ವಿದ್ಯೆ. ಕಡಲದಂಡೆಯಲ್ಲಿ ಓರಗೆಯವರು ಒದ್ದೆ ಮರಳಿನ ಉಂಡೆ ಬೀಸಿದರೆ ಒಂದೂ ಅವನ ಮೈಗೆ ತಾಗುತ್ತಿರಲಿಲ್ಲ. ಕುಂದಾಪುರದಲ್ಲಿ ಬಾಕ್ಸಿಂಗ್ ಕಲಿಸುವ ಚೆನ್ನಯ್ಯ ಮಾಸ್ತರರು ಅದನ್ನು ಕಂಡೇ ಅವನನ್ನು ಕರೆದುಕೊಂಡರು. ನಡುತೂಕದವರ ವರ್ಗದಲ್ಲಿ ಅವನು ಗೆಲ್ಲುತ್ತ ಹೋದ.

ಬಾಗಿಯ ಗಂಡ ಕೊರಗನಿಗೆ ಅಷ್ಟು ಸಾಲಲಿಲ್ಲ. ಅವನು ಬಂದರಿನಲ್ಲಿ ಮೀನಿನ ಏಲಂ ಕೂಗಿ ತಲೆ ನರೆತವನು. ಮೀನು ದೊಡ್ಡದಾದಷ್ಟೂ ದರ ಹೆಚ್ಚು, ಸಣ್ಣ ಬಂಗಡೆಗಿಂತ ದೊಡ್ಡ ಅಂಜಲಿಗೆ ಬೆಲೆ ಎಂಬುದು ಅವನಿಗೆ ಲೋಕನಿಯಮ. ಹರೆಯದಲ್ಲಿ ಮುಂಬೈಯಲ್ಲಿದ್ದಾಗ ಹೆವಿವೇಟ್ ಪಂದ್ಯಕ್ಕೆ ಜನ ಮುಗಿಬೀಳುವುದನ್ನೂ ಕಂಡಿದ್ದ. ಮಗ ವೃತ್ತಿಪರ ಬಾಕ್ಸಿಂಗಿಗೆ ಇಳಿದದ್ದೇ ತಡ, ಹೆವಿವೇಟೇ ಆಗಬೇಕೆಂದು ಹಟ ಹಿಡಿದ.

ತಿನ್ನಿಸಿ ತಿನ್ನಿಸಿ ಜಿತೇಂದ್ರನ ಮೈ ಏರಿತು, ಕಾಲು ನಿಧಾನವಾಯಿತು. ಮೊದಲ ಸೋಲಿನಲ್ಲೇ ಎಡಗಣ್ಣಿಗೆ ಪೆಟ್ಟು ಬಿತ್ತು. ಇನ್ನೊಂದು ಬಿದ್ದರೆ ಕಣ್ಣು ಉಳಿಯದು ಎಂದರು ಡಾಕ್ಟರು. ಚೆನ್ನಯ್ಯ ಮಾಸ್ತರರು ಮನೆಗೇ ಬಂದರು.

"ಕೊರಗಣ್ಣ, ಇವ್ನ ಬಲ ಇಪ್ಪುದ್ ಕಾಲಗೆ. ಮೈ ಇಳ್ಸುವ. ಇಲ್ದಿರೆ ಕಣ್ಣ್ ಹೋತ್."

"ತಪ್ಸ್ಕಂಡ್ ಓಡುಕೆ ಅಂವ ಎಂತ ಏಡಿಯಾ, ಮಾಸ್ಟ್ರೇ? ಅಂಜಲ್ ಮಾರಾಯ್ರೆ, ಅಂಜಲ್! ಬಂಗ್ಡಿ ಬುಟ್ಟಿಗ್ ಹಾಕ್ತ್ರಿಯಾ?"

ಬಾಗಿಗೆ ತಡೆಯಲಾಗಲಿಲ್ಲ. "ಹ್ವಾಯ್, ಕಣ್ಣ್ ಹೋರೆ ಮತ್ತೆ ಬತ್ತಾ?"

"ನೀನ್ ಬಡ್ಸ್. ಬಾಕ್ಸಿಂಗ್ ನಂಗೆ ಬಿಡ್."

ಮರುದಿನ ಬಾಗಿ ಮಗನ ಬಟ್ಟಲಿಗೆ ಅರ್ಧವೇ ಬಡಿಸಿದಳು. ಅವಳ ಕೈಯಲ್ಲಿದ್ದದ್ದು ಅಷ್ಟೇ. ಕೊರಗ ಬೈಯಲಿಲ್ಲ. ತನ್ನ ಬಟ್ಟಲಿನ ಅಂಜಲ್ ತುಂಡನ್ನು ಎತ್ತಿ ಮಗನ ಅನ್ನದ ಮೇಲಿಟ್ಟ. ಅಪ್ಪ ತಾನು ಉಣ್ಣದೆ ಎತ್ತಿಟ್ಟ ಮೀನನ್ನು ತಳ್ಳುವ ರೂಢಿ ಆ ಮನೆಯಲ್ಲಿರಲಿಲ್ಲ.

"ಅಬ್ಬಿ, ನಂಗ್ ಸಾಕ್," ಎಂದ ಜಿತೇಂದ್ರ ತಾಯಿಗೆ, ಅಪ್ಪನ ಕಡೆ ನೋಡದೆ.

"ಅಬ್ಬಿ ಹತ್ರ ಎಂತ ಹೇಳ್ತೆ? ಉಣ್ಣ್."

ಉಂಡ. ದಿನವೂ ಇದೇ ಆಯಿತು. ಮಗನ ಮೈ ಇಳಿಯಲಿಲ್ಲ, ಗಂಡ ಸೊರಗಿದ. ಕೊನೆಗೆ ಬಾಗಿ ಸೋತು ಇಬ್ಬರಿಗೂ ಮೊದಲಿನಂತೆಯೇ ಬಡಿಸತೊಡಗಿದಳು.

ಮುಂದಿನ ಪಂದ್ಯ ಮುಂಬೈಯಲ್ಲಿತ್ತು. ಅದನ್ನು ಮಗಳು ನವ್ಯಶ್ರೀ ಮೊಬೈಲಿನಲ್ಲಿ ಹಾಕಿ ತೋರಿಸಿದಳು. ಎದುರಾಳಿಯ ಬಲಗೈ ಎದ್ದದ್ದು ಬಾಗಿಗೂ ಕಂಡಿತು. ಜಿತೇಂದ್ರನಿಗೂ ಕಂಡಿರಬೇಕು, ತಲೆ ಸರಿಸಲು ಹೊರಟಿದ್ದ. ಮೈ ಜೊತೆಗೆ ಬರಲಿಲ್ಲ.

ಎಡಗಣ್ಣು ಹೋಯಿತು. ಜಿತೇಂದ್ರ ಈಗ ಬಂದರಿನ ಐಸ್ ಫ್ಯಾಕ್ಟರಿಯಲ್ಲಿ ಮಂಜುಗಡ್ಡೆ ಹೊರುತ್ತಾನೆ. ಕೇಳಿದವರಿಗೆಲ್ಲ ಕೊರಗನದು ಒಂದೇ ಮಾತು: "ಇನ್ನೊಂದ್ ನಾಕ್ ಕಿಲೋ ಇದ್ದಿರೆ ಬೀಳ್ತಿರ್ಲಿಲ್ಲ."

ಊಟದ ಹೊತ್ತಿಗೆ ಬಾಗಿ ಮಗನ ಬಲಗಡೆ ನಿಂತು ಬಡಿಸುತ್ತಾಳೆ, ಎಡಗಡೆಯಿಂದ ಬಂದ ಕೈ ಅವನಿಗೆ ಕಾಣುವುದಿಲ್ಲ. ಎಡಗಡೆ ಕೊರಗ ಕೂತಿರುತ್ತಾನೆ, ಈಗಲೂ ತನ್ನ ಮೀನಿನ ತುಂಡನ್ನು ಎತ್ತಿ ಮಗನ ಬಟ್ಟಲಿಗೆ ಇಡುತ್ತಾನೆ. ಜಿತೇಂದ್ರ ಸಾಕು ಎನ್ನುವುದನ್ನು ಬಿಟ್ಟಿದ್ದಾನೆ.