ನನ್ನ ಪ್ರದೇಶದಲ್ಲಿ ಸಿಗದ ಸೋಬಾನೆ

ಇವತ್ತು ಬೆಳಿಗ್ಗೆ ಕಾಯಿ ತುರಿಯುತ್ತಾ, ಮೊಬೈಲಿನಲ್ಲಿ ನಮ್ಮ ಸೋದರತ್ತೆಯ ಸೋಬಾನೆ ಪದ ಹಾಕಲು ಹೋದೆ. ಹಾಡಿನ ಪಕ್ಕದಲ್ಲಿ ಒಂದು ಪುಟ್ಟ ಬೀಗ. ಒತ್ತಿದರೆ, ‘ಈ ಹಾಡು ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ’ ಎಂದಿತು. ನೀವೇ ಹೇಳಿ, ಹಾಡಿದವಳು ಸತ್ತೇಗಾಲದವಳು, ಹಾಡಿದ್ದು ಕೊಳ್ಳೇಗಾಲದಲ್ಲಿ, ಕೇಳಲು ಕೂತವಳು ಯಳಂದೂರಿನಲ್ಲಿ. ಇನ್ನು ಯಾವ ಪ್ರದೇಶಕ್ಕೆ ಹೋಗಿ ಕೇಳಲಿ?

ಮಗಳು ಬಂದು ನೋಡಿದಳು. “ಕ್ಯಾಸೆಟ್ ಕಂಪ್ನಿಯೋರ್ಗೂ ಆ್ಯಪ್‌ನೋರ್ಗೂ ಒಪ್ಪಂದ ಮುಗ್ದದೆ ಕಣವ್ವ.”

“ನಾನು ಡೌನ್‌ಲೋಡ್ ಮಾಡ್ಕಂಡಿದ್ನಲ್ಲ?”

“ಅದು ಆ್ಯಪ್ ಒಳ್ಗೇ ಇರದು. ಬೀಗದ ಕೈ ಅವ್ರ್ತಾವೇ ಇರ್ತದೆ.”

ದುಡ್ಡು ಕಟ್ಟಿದವಳು ನಾನು, ಮೊಬೈಲು ನನ್ನದು, ಬೀಗದ ಕೈ ಮಾತ್ರ ಅವರದಂತೆ! ನನ್ನದು ಮೊದಲೇ ಅನುಮಾನದ ಬುದ್ಧಿ. ಹಾಲಿಗೆ ಬೆರಳದ್ದಿ ನೋಡದೆ ಪಾತ್ರೆಗೆ ಹೊಯ್ಯಿಸಿಕೊಂಡವಳಲ್ಲ. ಅಂಥವಳು ಇಲ್ಲಿ ಮೋಸ ಹೋಗಿದ್ದೆ. ಮುಂದಿನ ತಿಂಗಳು ಹನೂರಿನಲ್ಲಿ ಇದೇ ಮಗಳ ಮದುವೆ. ಧಾರೆಯ ಹೊತ್ತಿಗೆ ಅತ್ತೆಯ ಪದ ಕೇಳಿಸಬೇಕು ಎನ್ನುವುದೊಂದೇ ನನ್ನ ಆಸೆ. ಅತ್ತೆ ತೀರಿಕೊಂಡು ಎಷ್ಟೋ ವರ್ಷವಾಯಿತು. ಅವಳ ದನಿ ಬೇರೆಲ್ಲೂ ಉಳಿದಿಲ್ಲ.

ಅನುಮಾನಪಡುವುದರಲ್ಲಿ ನಾನು ಅತ್ತೆಯ ಶಿಷ್ಯೆ. ಕ್ಯಾಸೆಟ್ ಕಂಪನಿಯವರು ಅವಳನ್ನು ಹುಡುಕಿಕೊಂಡು ಬಂದಾಗ ನಾನಿನ್ನೂ ಲಂಗ ದಾವಣಿಯ ಹುಡುಗಿ. ಕೊಳ್ಳೇಗಾಲದ ಒಂದು ಲಾಡ್ಜಿನ ಕೋಣೆಯಲ್ಲಿ ಕಿಟಕಿಗೆ ಹಾಸಿಗೆ ಅಡ್ಡ ಹಾಕಿ, ಫ್ಯಾನು ಆರಿಸಿ, ಮೈಕು ನಿಲ್ಲಿಸಿದ್ದರು. ಪದ ಎತ್ತುವವಳು ಅತ್ತೆ; ಅವಳು ಹೇಳಿದ್ದನ್ನು ಹಿಂದೆಯೇ ಹೇಳುವವರು ಶಾಗ್ಯದ ಚಿಕ್ಕತಾಯಮ್ಮ. ನಾನು ಎಲೆ ಅಡಿಕೆ ಚೀಲ ಹಿಡಿದುಕೊಂಡು ಹೋದವಳು. ಎಲ್ಲ ಸಿದ್ಧವಾಯಿತು, ಅತ್ತೆ ಮಾತ್ರ ಪದ ಎತ್ತಲಿಲ್ಲ.

“ಮದ್ವೆ ಎಣ್ಣೆಲ್ಲಿ?” ಎಂದಳು.

ಮೆಷಿನ್ನಿನವನು ನಕ್ಕ. “ಅಮ್ಮಾ, ಇದು ಬರೀ ರೆಕಾರ್ಡಿಂಗು. ಹೆಣ್ಣು ಯಾಕೆ?”

“ಎಣ್ಣಿನ್ ಎಸ್ರಿಲ್ದೆ ಪದ ಯಾರ್ಗ್ ಏಳನಾ, ಗ್ವಾಡೆಗಾ?”

ನಮ್ಮ ಕಡೆ ಸೋಬಾನೆ ಎತ್ತುವವರು ಎದುರಿಗೆ ಕೂತ ಹೆಣ್ಣಿನ ಹೆಸರನ್ನು ಪದದೊಳಗೆ ಹಾಕಿಯೇ ಹಾಡುವುದು. ಕೊನೆಗೆ ನನ್ನ ತಲೆಗೆ ಹೂ ಮುಡಿಸಿ, ಚಾಪೆಯ ಮೇಲೆ ಕೂರಿಸಿದರು. “ತಲೆ ಬಗ್ಸು, ಅಲ್ ಕಿರಿಬ್ಯಾಡ” ಎಂದು ಗದರಿ ಅತ್ತೆ ಶುರುಮಾಡಿದಳು. ಹೀಗೆ ಗಂಡಿಲ್ಲದೆ ನನಗೊಂದು ಮದುವೆಯಾಯಿತು, ಅದೂ ಲಾಡ್ಜಿನಲ್ಲಿ. ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಇದ್ದಕ್ಕಿದ್ದಂತೆ, “ಪದ ತಕಂಡೋದ್ರಲ್ಲ, ನಾಳ ನಾನ್ ಆಡ್ಬೋದಾ?” ಅಂದಳು. “ನಿನ್ ಬಾಯಿ ನಿನ್ತಾವೇ ಅದಲ್ಲತ್ತೆ” ಎಂದು ನಾನು ನಕ್ಕುಬಿಟ್ಟೆ.

ಆಮೇಲೆ ಕ್ಯಾಸೆಟ್ ಹೊರಬಂದು, ಕೌದಳ್ಳಿ ಬಸ್ಸುಗಳಲ್ಲೆಲ್ಲ ನನ್ನ ಹೆಸರು ಕೂಗಿದ್ದೇ ಕೂಗಿದ್ದು. ಕಂಡಕ್ಟರು ಟಿಕೆಟ್ ಕೊಡುವಾಗಲೂ ಮುಖ ನೋಡಿ ನಗುತ್ತಿದ್ದ. ಮನೆಯಲ್ಲಿದ್ದ ಕ್ಯಾಸೆಟ್ಟಿನ ರೀಲು ಸಿಕ್ಕಾಗಿ ಹಾಳಾಯಿತು. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಬಳಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಡುವವನೊಬ್ಬನಿದ್ದ. ಅವನ ಹತ್ತಿರ ಅತ್ತೆಯ ಪದವೂ ಇತ್ತು. ಕದ್ದ ಮಾಲು ಎಂದು ನಾನು ಆ ಕಡೆ ತಲೆ ಹಾಕಲಿಲ್ಲ. ದೊಡ್ಡ ಸಾಚಾ ನಾನು! ಆಗ ತುಂಬಿಸಿಕೊಂಡಿದ್ದರೆ ಇವತ್ತು ಪದ ನನ್ನ ಹತ್ತಿರವೇ ಇರುತ್ತಿತ್ತು. ಈಗ ಆ ಅಂಗಡಿಯೂ ಇಲ್ಲ.

ಕಾಯಿ ತುರಿಯುವುದನ್ನು ಅಲ್ಲಿಗೇ ಬಿಟ್ಟು, ಮಗಳನ್ನು ಕರೆದುಕೊಂಡು ಶಾಗ್ಯಕ್ಕೆ ಹೊರಟೆ. ಚಿಕ್ಕತಾಯಮ್ಮನವರು ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಅತ್ತೆಯ ಪದ ಇನ್ನೂ ಬರುತ್ತದಾ ಎಂದು ಕೇಳಿದೆ.

“ಅಷ್ಟೂ ಬತ್ತದೆ ಕಣವ್ವ. ಆದ್ರ ಎತ್ತಕ್ ಮಾತ್ರ ಬರದಿಲ್ಲ. ನಿಮ್ಮತ್ತೆ ಎತ್ತೋಳು, ನಾನು ಇಂದ್ಗುಂಟ ಓಗೋಳು. ಯಾರಾರ ಎತ್ಕೊಡಿ, ಏಳ್ತೀನಿ.”

ಜೀವಮಾನವೆಲ್ಲ ಹಿಂದೆ ಹಿಂದೆಯೇ ಹಾಡಿದ ಬಾಯಿ ಅದು. ಸರಿ, ನಾನೇ ಎತ್ತಿದೆ. ನನ್ನ ದನಿ ಆ ದೇವರಿಗೇ ಪ್ರೀತಿ. ಆದರೂ ಸಾಲು ಸಾಲಾಗಿ ನೆನಪಿಗೆ ಬಂತು, ಅವರೂ ಹಿಂದೆಯೇ ಬಂದರು. ಹೆಸರಿನ ಜಾಗ ಬಂದಾಗ ಅವರು ಗಪ್ಪನೆ ನಿಂತುಬಿಟ್ಟರು.

“ಅಯ್, ನಿಂಗ್ ಇನ್ನೊಂದ್ ಮದ್ವೆ ಮಾಡನಾ?”

ಮಗಳ ಹೆಸರು ಹಾಕುವಲ್ಲಿ ನನ್ನ ಹೆಸರನ್ನೇ ಹಾಡಿದ್ದೆ. ಮೂವರೂ ನಕ್ಕೆವು. ನಗುತ್ತಲೇ ನನಗೆ ಹೊಳೆಯಿತು. ಇಷ್ಟು ವರ್ಷ ಬಾಯಿಪಾಠ ಮಾಡಿಕೊಂಡದ್ದು ಅತ್ತೆಯ ಪದವಲ್ಲ, ಕಂಪನಿಯವರ ಪದ. ಅತ್ತೆ ಇದ್ದಿದ್ದರೆ ಎಂದೋ ಹೆಸರು ಬದಲಾಯಿಸಿರುತ್ತಿದ್ದಳು.

ತಿದ್ದಿಕೊಂಡು ಮತ್ತೆ ಎತ್ತುವಷ್ಟರಲ್ಲಿ ಮಗಳು ರೆಕಾರ್ಡ್ ಮಾಡಲು ಮೊಬೈಲು ತೆಗೆದಳು. ನನಗೆ ರೇಗಿತು. “ಮಡಗವ್ವ ಅದ. ನೀನೇ ಎತ್ತು.”

“ಮದ್ವೆ ಎಣ್ಣು ತನ್ಗ್ ತಾನೇ ಸೋಬಾನೆ ಆಡ್ಕಂಡದಾ?” ಎಂದರು ಚಿಕ್ಕತಾಯಮ್ಮ.

“ಇವತ್ತು ಕಲಿಯಕ್ ಆಡ್ಲಿ ಬುಡಿ.”

ಮಗಳು ನಾಚಿಕೊಂಡು ಎತ್ತಿದಳು, ಶ್ರುತಿಯೂ ಇಲ್ಲ, ಗಿತಿಯೂ ಇಲ್ಲ. ಚಿಕ್ಕತಾಯಮ್ಮ ಹಿಂದೆಯೇ ಹೇಳಿದರು. ಹೆಸರಿನ ಜಾಗಕ್ಕೆ ಬಂದಾಗ ತನ್ನ ಹೆಸರು ತಾನೇ ಹೇಳಿಕೊಳ್ಳಲಾಗದೆ ತಡವರಿಸಿದಳು. ಸುತ್ತ ನೋಡಿ, ಚಿಕ್ಕತಾಯಮ್ಮ ಎಂದು ಹಾಡಿಬಿಟ್ಟಳು.

ಮುದುಕಿ ಸೆರಗನ್ನು ತಲೆಯ ಮೇಲೆಳೆದುಕೊಂಡು ಮದುವೆ ಹೆಣ್ಣಿನ ಹಾಗೆ ತಲೆ ಬಗ್ಗಿಸಿದರು. ಹಿಂದೆ ಹೇಳುವವರು ಯಾರೂ ಉಳಿಯಲಿಲ್ಲವಾಗಿ, ಆ ಸಾಲನ್ನು ನಾನು ಹೇಳಿದೆ.