ಕಾಫಿ ಸಿಪ್ಪೆಯೂ ಅಬಕಾರಿ ಜೀಪೂ

ಕಳೆದ ತಿಂಗಳು ನಮ್ಮ ಮನೆಗೆ ಅಬಕಾರಿ ಇಲಾಖೆಯ ಜೀಪು ಬಂತು.

ತಮಾಷೆಯಲ್ಲ. ನಾನು ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದೆ. ಜೀಪಿನಿಂದ ಇಳಿದ ಅಧಿಕಾರಿ ಜಗಲಿ ಹತ್ತಿ, ನಮ್ಮ ಯಜಮಾನರಿಗೆ ನಮಸ್ಕಾರ ಹೇಳಿ, ಬಹಳ ಸಂಕೋಚದಿಂದ ಕೇಳಿದರು: "ಸಾರ್, ನಿಮ್ಮ ಮನೇಲಿ ಸಾರಾಯಿ ಕಾಯಿಸ್ತಾರಂತೆ. ಫೋನ್ ಬಂದಿತ್ತು."

ಯಜಮಾನರ ಮುಖ ನೋಡಬೇಕಿತ್ತು. ಹೊರನಾಡಿಗೆ ಹೋದರೆ ಬಾಯಿಗೆ ನೀರೂ ಬಿಡದೆ ದರ್ಶನಕ್ಕೆ ನಿಲ್ಲುವ ಮನುಷ್ಯ. ಅವರಿಗೆ ಸಾರಾಯಿ ಕೇಸು!

ಸಾರಾಯಿ ಕಾಯಿಸುತ್ತಿದ್ದ ಆರೋಪಿ ಯಾರು ಅಂತ ಕೇಳುತ್ತೀರಾ? ಪ್ರತಿ ವಾರ ನಿಮ್ಮ ಜೊತೆ ಹರಟುವ ಇದೇ ನಾನು.

ನಡೆದದ್ದು ಹೇಳುತ್ತೇನೆ. ಆಲ್ದೂರಿನಿಂದ ಮಲ್ಲಂದೂರಿನ ಕಡೆ ಸ್ವಲ್ಪ ಒಳಗೆ ನಮ್ಮದೊಂದು ಚಿಕ್ಕ ತೋಟ. ದೊಡ್ಡ ಎಸ್ಟೇಟು ಅಲ್ಲ, ಆದರೆ ಹಣ್ಣು ಸುಲಿಯುವ ಒಂದು ಪಲ್ಪರ್ ಯಂತ್ರ ಇದೆ. ಕೊಯ್ಲಿನ ಕಾಲದಲ್ಲಿ ಕೆಂಪು ಹಣ್ಣನ್ನು ಅದರ ಬಾಯಿಗೆ ಸುರಿದರೆ ಒಂದು ಕಡೆ ಬೀಜ, ಇನ್ನೊಂದು ಕಡೆ ಸಿಪ್ಪೆ. ಬೀಜ ಕಣಕ್ಕೆ ಹೋಗಿ ಒಣಗುತ್ತದೆ, ಮರ್ಯಾದೆಯಿಂದ ಮೂಟೆ ಸೇರುತ್ತದೆ. ಸಿಪ್ಪೆ? ಅದು ಪಲ್ಪರ್ ಹಿಂದೆ ಗುಡ್ಡೆ ಬೀಳುತ್ತದೆ. ಎರಡು ದಿನಕ್ಕೆ ಕೊಳೆಯುತ್ತದೆ. ಅದರ ರಸವೆಲ್ಲ ಇಳಿದು ಹಳ್ಳ ಸೇರುತ್ತದೆ. ಆಮೇಲೆ ಆ ಹಳ್ಳದ ನೀರನ್ನು ದನವೂ ಮೂಸುವುದಿಲ್ಲ.

ನಮ್ಮ ಸೀಮೆಯವರಿಗೆ ಆ ವಾಸನೆ ಗೊತ್ತು. ಆಲ್ದೂರಿನ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂತರೂ ಇದು ಯಾರ ಪಲ್ಪರ್ ಎಂದು ಮೂಗಿನಿಂದಲೇ ಹೇಳಬಲ್ಲ ಪರಿಣತರು ನಾವು. ಕಾಫಿ ಅಂದಮೇಲೆ ಇದೆಲ್ಲ ಇದ್ದದ್ದೇ ಅಂತ ಸುಮ್ಮನಿದ್ದೇವೆ.

ನಾನೂ ಸುಮ್ಮನಿದ್ದೆ. ಎರಡು ವರ್ಷದ ಹಿಂದೆ ಶಾಂತಲಾ ಬರುವವರೆಗೆ.

ಶಾಂತಲಾ ನನ್ನ ಕಾಲೇಜಿನ ಗೆಳತಿ. ಮೈಸೂರಿನಲ್ಲಿ ಆಹಾರಕ್ಕೆ ಸಂಬಂಧಪಟ್ಟ ಒಂದು ಲ್ಯಾಬಿನಲ್ಲಿ ಕೆಲಸ. ರಜೆಗೆಂದು ಬಂದವಳು ತೋಟ ನೋಡುವುದು ಬಿಟ್ಟು ಸಿಪ್ಪೆ ಗುಡ್ಡೆಯ ಮುಂದೆ ಕೂತಳು. ಒಂದು ಹಿಡಿ ತೆಗೆದುಕೊಂಡು ಹಿಂಡಿದಳು. ಬೆರಳು ನೆಕ್ಕಿದಳು!

"ಎಂತ ಮಾಡ್ತಿದೀಯ ಮಾರಾಯ್ತಿ, ಕೊಳಕು!" ಎಂದೆ.

"ಕೊಳಕು ಆಗೋದು ನಾಳೆ. ಇವತ್ತು ಇದು ಸಕ್ಕರೆ. ನೀನೇ ನೆಕ್ಕಿ ನೋಡು."

ನೆಕ್ಕಿದೆ. ಸಿಹಿ! ಮದುವೆಯಾಗಿ ಬಂದಾಗಿನಿಂದ ಈ ಸಿಪ್ಪೆಯ ಪಕ್ಕದಲ್ಲೇ ಓಡಾಡಿದ್ದೇನೆ, ಒಮ್ಮೆಯೂ ನಾಲಿಗೆಗೆ ಇಟ್ಟಿರಲಿಲ್ಲ.

ಆಮೇಲೆ ಅವಳು ಪಾಠ ಮಾಡಿದಳು. ಸಿಪ್ಪೆಯಲ್ಲಿರುವ ಲೋಳೆ ಒಂದು ಥರದ ಅಂಟು. ಸಿಹಿ ರಸವನ್ನೆಲ್ಲ ಅದು ಹಿಡಿದಿಟ್ಟುಕೊಂಡಿದೆ. ಕೈಯಿಂದ ಎಷ್ಟು ಹಿಂಡಿದರೂ ಪೂರ್ತಿ ಬಿಡುವುದಿಲ್ಲ. ಆದರೆ ಒಂದು ಎಂಜೈಮ್ ಹಾಕಿದರೆ (ಶಾಲೆಯಲ್ಲಿ ಕಿಣ್ವ ಎಂದು ಬಾಯಿಪಾಠ ಮಾಡಿದ್ದೆವಲ್ಲ, ಅದೇ) ಅದು ಕತ್ತರಿಯ ಹಾಗೆ ಆ ಅಂಟನ್ನು ತುಂಡು ತುಂಡು ಮಾಡುತ್ತದೆ. ರಸ ತಾನಾಗಿ ಬಿಟ್ಟುಕೊಳ್ಳುತ್ತದೆ. ಆ ರಸ ಹುಳಿ ಬಂದರೆ ವಿನಿಗರ್.

"ಕಾಫಿ ಸಿಪ್ಪೆಯ ವಿನಿಗರ್ರಾ?"

"ಯಾಕೆ ಆಗಬಾರದು? ಸೇಬಿಂದು ಆಗುತ್ತೆ ಅಂದ್ರೆ ಇದ್ಯಾಕೆ ಆಗಲ್ಲ?"

ಮೈಸೂರಿಗೆ ಹೋದಮೇಲೆ ಒಂದು ಡಬ್ಬಿಯಲ್ಲಿ ಬಿಳಿ ಪುಡಿ ಕಳಿಸಿಕೊಟ್ಟಳು. ಆ ಪುಡಿಯೇ ಎಂಜೈಮ್.

ಮೊದಲ ವರ್ಷ ಪೂರ್ತಿ ಹಾಳು. ಡ್ರಮ್ಮಿನ ಮೇಲೆ ಬೂಷ್ಟು ಬಂತು. ಮನೆಯವರೆಲ್ಲ ನಕ್ಕರು. ಎರಡನೇ ಸಲ ಆವತ್ತೇ ಪಲ್ಪ್ ಆದ ತಾಜಾ ಸಿಪ್ಪೆ ತೆಗೆದುಕೊಂಡೆ. ಉಗುರುಬೆಚ್ಚಗಿನ ನೀರು ಹಾಕಿ, ಪುಡಿ ಕಲಸಿ ಮುಚ್ಚಿಟ್ಟೆ. ಸಂಜೆ ಮುಚ್ಚಳ ತೆಗೆದರೆ ಕೈಗೆ ಅಂಟುತ್ತಿದ್ದ ಲೋಳೆ ಇಲ್ಲ! ತೆಳ್ಳಗಿನ ಕೆಂಪು ರಸದಲ್ಲಿ ಸಿಪ್ಪೆ ಸುಮ್ಮನೆ ತೇಲುತ್ತಿದೆ. ಪಂಚೆಯಲ್ಲಿ ಸೋಸಿದೆ. ಈಸ್ಟ್ ಹಾಕಿದೆ. ಅದು ನೊರೆ ಬಂದು ಅಡಗಿದ ಮೇಲೆ ಶಾಂತಲಾ ಕೊಟ್ಟಿದ್ದ ಹಳೆಯ ವಿನಿಗರ್ ಸ್ವಲ್ಪ ಸೇರಿಸಿದೆ.

ನಮ್ಮತ್ತೆ ಎಲ್ಲ ನೋಡುತ್ತಿದ್ದರು. "ಇದಕ್ಕೆ ಇಷ್ಟು ಇಂಗ್ಲಿಷ್ ಯಾಕೆ? ಹೆಪ್ಪು ಹಾಕಿದೆ ಅನ್ನು, ಆಯ್ತಲ್ಲ" ಎಂದರು.

ಹೆಪ್ಪು ಚೆನ್ನಾಗಿ ಕೂತಿತು. ಹುಳಿ ಎಂದರೆ ಹುಳಿ, ಹಿಂದೆಯೇ ಜೇನಿನಂಥ ಒಂದು ಘಮ. ಅತ್ತೆ ಅದರಲ್ಲಿ ಹಸಿ ಕಾಳುಮೆಣಸಿನ ಉಪ್ಪಿನಕಾಯಿ ಹಾಕಿದರು. ಊರ ತುಂಬ ಹೊಗಳಿಸಿಕೊಂಡರು. (ಹೊಗಳಿಕೆ ಅವರಿಗೆ, ಡ್ರಮ್ ತೊಳೆಯುವ ಕೆಲಸ ನನಗೆ.)

ಈ ವರ್ಷ ಧೈರ್ಯ ಬಂದು ದೊಡ್ಡ ಡ್ರಮ್ಮನ್ನೇ ತಂದೆ. ಆಗ ಶುರುವಾಯಿತು ಊರಿನ ಬಾಯಿ.

ನಮ್ಮ ಹಳ್ಳದ ಮೇಲ್ಭಾಗದಲ್ಲಿ ಉಮೇಶಣ್ಣನ ತೋಟ. ದೊಡ್ಡ ಪ್ಲಾಂಟರು, ದೂರದ ನೆಂಟರು ಕೂಡ. ಒಂದು ಮದುವೆ ಮನೆಯಲ್ಲಿ ಎಲ್ಲರೆದುರು ಕೇಳಿದರು: "ಏನಮ್ಮ, ಕಾಫಿ ರೇಟು ಬಿತ್ತು ಅಂತ ಪ್ಲಾಂಟರ್ ಮನೆ ಹೆಂಗಸ್ರು ಸಿಪ್ಪೆ ಹಿಂಡೋ ಹಂಗಾಯ್ತಾ? ಮರ್ಯಾದೆ ಅಂತ ಒಂದಿರುತ್ತಲ್ಲ?"

ಎಲ್ಲರೂ ನಕ್ಕರು. ನಮ್ಮ ಯಜಮಾನರು ತಲೆ ತಗ್ಗಿಸಿ ಪಾಯಸ ಉಂಡರು. ಮನೆಗೆ ಬಂದಮೇಲೆ "ಬಿಟ್ಟುಬಿಡು, ಸಾಕು" ಎಂದರು.

ಬಿಡಲಿಲ್ಲ. ಸಿಪ್ಪೆ ಹಿಂಡಿದರೆ ಹೋಗುವ ಮರ್ಯಾದೆ ಹಳ್ಳ ಕೆಡಿಸಿದರೆ ಹೋಗುವುದಿಲ್ಲವೇ? ಯಾವ ಅಂಗಡಿಯಲ್ಲಿ ಸಿಗುತ್ತದೆ ಇಂಥ ಮರ್ಯಾದೆ?

ಆಮೇಲೆ ಬಂತು ಜೀಪು.

ಶೆಡ್ಡಿನ ಬಾಗಿಲು ತೆಗೆದೆ. ಅಧಿಕಾರಿ ಮೂಗು ಅರಳಿಸಿದರು. ಯಜಮಾನರು ನನ್ನ ಹಿಂದೆ ನಿಂತು ಪಿಸುಗುಟ್ಟಿದರು: "ದನಕ್ಕೆ ಕಲಸಿಟ್ಟಿದ್ದು ಅಂತ ಹೇಳು."

ಯಾಕೆ ಹೇಳಲಿ? ನಾನು ಕದ್ದಿದ್ದೇನೆಯೇ?

"ಇದು ಕಾಫಿ ಸಿಪ್ಪೆ ರಸ ಸಾರ್. ಈ ಬಾಟಲಿಗಳಲ್ಲಿರೋದು ವಿನಿಗರ್. ಆ ಡ್ರಮ್ಮಿನಲ್ಲಿರೋದು ಇನ್ನೂ ವಿನಿಗರ್ ಆಗಿಲ್ಲ."

"ಆಗಿಲ್ಲ ಅಂದ್ರೆ ಈಗ ಅದೇನು ಮೇಡಂ?"

"ಈಗ ಹೆಂಡದ ಥರಾನೇ. ಹುಳಿ ಆಗೋ ಮುಂಚೆ ಆ ದಾರಿಯಲ್ಲೇ ಹೋಗಬೇಕು. ಬೇರೆ ದಾರಿ ಇಲ್ಲ."

ಯಜಮಾನರು ಅಲ್ಲೇ ಇದ್ದ ಮೂಟೆಯ ಮೇಲೆ ಕೂತುಬಿಟ್ಟರು.

ಅಷ್ಟರಲ್ಲಿ ಅತ್ತೆ ಒಂದು ಲೋಟ ಹಿಡಿದು ಬಂದರು, ಬಾಟಲಿಯಿಂದ ಬಗ್ಗಿಸಿ ಅಧಿಕಾರಿಯ ಕೈಗೆ ಕೊಟ್ಟರು. "ತಗೊಳ್ಳಿ ಸ್ವಾಮಿ, ಕುಡಿದು ನೋಡಿ. ಇದನ್ನ ಕುಡಿದು ಯಾರಾದ್ರೂ ತೂರಾಡಿದ್ರೆ ನನ್ನನ್ನೇ ಜೀಪಿಗೆ ಹತ್ತಿಸ್ಕೊಳ್ಳಿ."

ಆ ಮನುಷ್ಯ ಒಂದು ಗುಟುಕು ಕುಡಿದರು. ಕಣ್ಣು ಗಟ್ಟಿಯಾಗಿ ಮುಚ್ಚಿ ಮುಖ ಕಿವುಚಿದರು. "ಹುಳಿನೇ ಬಿಡಿ ಅಮ್ಮ" ಎಂದು ಲೋಟ ವಾಪಸು ಕೊಟ್ಟರು. ನಂತರ ಡ್ರಮ್ಮಿನ ಕಡೆ ತಿರುಗಿದರು. "ಬಾಟ್ಲಿ ಇರಲಿ ಮೇಡಂ. ಇದನ್ನ ಮಾತ್ರ ಬಿಡೋಕಾಗಲ್ಲ. ಚೆಲ್ಲಬೇಕು."

"ಎಲ್ಲಿಗೆ ಚೆಲ್ಲಲಿ?"

"ಹಳ್ಳ ಇದೆಯಲ್ಲ, ಅಲ್ಲಿಗೆ ಬಿಟ್ಟುಬಿಡಿ."

ನನಗೆ ಎಲ್ಲಿತ್ತೋ ಸಿಟ್ಟು! "ಬನ್ನಿ ಸಾರ್, ಹಳ್ಳ ನೋಡೋಣ" ಎಂದು ಹೊರಟೇಬಿಟ್ಟೆ. ಅವರಿಗೆ ಹಿಂದೆ ಬರದೆ ಗತಿ ಇರಲಿಲ್ಲ. ಹಳ್ಳ ಕಪ್ಪಗಿತ್ತು. ಮೇಲಿನ ತೋಟಗಳ ಸಿಪ್ಪೆ ರಸ ನೊರೆಗಟ್ಟಿಕೊಂಡು ಇಳಿಯುತ್ತಿತ್ತು. ಅಧಿಕಾರಿ ಕರವಸ್ತ್ರ ತೆಗೆದು ಮೂಗಿಗೆ ಹಿಡಿದರು.

"ಇದೂ ಅದೇ ಸಿಪ್ಪೆ ಸಾರ್. ಇದಕ್ಕೆ ಯಾರಾದ್ರೂ ಫೋನ್ ಮಾಡಿದ್ರಾ?"

"ಇದು ನಮ್ಮ ಡಿಪಾರ್ಟ್‌ಮೆಂಟ್ ಅಲ್ಲ ಮೇಡಂ" ಎಂದರು. ಪಾಪ, ಸುಳ್ಳೇನೂ ಹೇಳಲಿಲ್ಲ. ಅವರ ಮೇಲೆ ನನಗೆ ಕೋಪವಿಲ್ಲ.

"ನನ್ನ ಡ್ರಮ್ ಇದಕ್ಕೆ ಸುರಿಯಲ್ಲ ಸಾರ್. ಕೇಸ್ ಹಾಕೋದಾದ್ರೆ ಹಾಕಿ" ಎಂದೆ.

ಶೆಡ್ಡಿಗೆ ವಾಪಸು ಬಂದೆವು. ಏನು ತೋಚಿತೋ, ಒಂದು ಬಾಟಲಿ ವಿನಿಗರ್ ತೆಗೆದು ಡ್ರಮ್ಮಿಗೆ ಸುರಿದೆ. ಆಮೇಲೆ ಇನ್ನೊಂದು. ಅತ್ತೆಗೆ ಅರ್ಥವಾಯಿತು. ಉಪ್ಪಿನಕಾಯಿಗೆಂದು ಎತ್ತಿಟ್ಟುಕೊಂಡಿದ್ದ ಬಾಟಲಿಗಳನ್ನೂ ಒಂದೊಂದೇ ತಂದು ಕೊಟ್ಟರು. ತಯಾರಾಗಿದ್ದದ್ದೆಲ್ಲ ಡ್ರಮ್ಮಿಗೆ ಹೋಯಿತು. ಎರಡು ವರ್ಷದ ಕೆಲಸ.

"ಈಗ ನೋಡಿ ಸಾರ್. ಇದನ್ನಿನ್ನು ಯಾವ ಕುಡುಕನೂ ಮುಟ್ಟಲ್ಲ."

ಅಧಿಕಾರಿ ಬೆರಳದ್ದಿ ನಾಲಿಗೆಗೆ ಇಟ್ಟರು. ಮತ್ತೆ ಮುಖ ಕಿವುಚಿದರು. ಪುಸ್ತಕ ಬಿಚ್ಚುತ್ತ, "ಸರಿ, ಇದು ಹುಳಿ ಅಂತಲೇ ಬರ್ಕೋತೀನಿ. ಮುಂದಿನ ವರ್ಷ ಮಾತ್ರ ಮೊದಲೇ ಲೈಸೆನ್ಸ್ ಕೇಳಿ" ಎಂದರು. ಜೀಪು ಹೋಯಿತು.

ಮರುದಿನ ಬೆಳಿಗ್ಗೆ ಶೆಡ್ಡಿಗೆ ಹೋಗಿ ನೋಡಿದರೆ ಯಜಮಾನರು ಡ್ರಮ್ಮಿನ ಬಾಯಿಗೆ ಹೊಸ ಬಟ್ಟೆ ಕಟ್ಟುತ್ತಿದ್ದರು. "ನೊಣ ಬೀಳುತ್ತೆ" ಎಂದರು. ಅಷ್ಟೇ. ನನಗೆ ಅಷ್ಟು ಸಾಕಾಗಿತ್ತು.

ಫೋನ್ ಮಾಡಿದ್ದು ಯಾರು? ಗೊತ್ತಿಲ್ಲ. ಹುಡುಕುವುದೂ ಇಲ್ಲ. ಮೊನ್ನೆ ಆಲ್ದೂರಿನಲ್ಲಿ ಉಮೇಶಣ್ಣ ಸಿಕ್ಕರು. "ಎಂತ, ನಿನ್ನ ಭಟ್ಟಿ ಮುಚ್ಚಿಸಿದ್ರಂತೆ?" ಎಂದು ನಕ್ಕರು.

"ಇಲ್ಲ ಅಣ್ಣ, ನಡೀತಿದೆ. ಮುಂದಿನ ಕೊಯ್ಲಿಗೆ ನಿಮ್ಮ ಪಲ್ಪರ್ ಸಿಪ್ಪೆನೂ ನಂಗೇ ಕಳಿಸಿ. ಹಳ್ಳಕ್ಕೆ ಬಿಡೋದನ್ನ ಈ ಕಡೆ ಬಿಡಿ."

ನಗು ನಿಂತಿತು. ಅಂಗಡಿಯ ಮುಂದೆ ನಿಂತಿದ್ದವರೆಲ್ಲ ತಿರುಗಿ ನೋಡಿದರು. ಉಮೇಶಣ್ಣ ಕೈಗಡಿಯಾರ ನೋಡಿಕೊಂಡು ಹೊರಟರು. ಉತ್ತರ ಬರುವವರೆಗೂ ಸಿಕ್ಕಲ್ಲೆಲ್ಲ ಕೇಳುವವಳೇ.

ಲೈಸೆನ್ಸಿಗೆ ಚಿಕ್ಕಮಗಳೂರಿಗೂ ಹೋಗಿಬಂದೆ. ಅಬಕಾರಿಯವರು ಇದು ಆಹಾರ, ಆಹಾರ ಇಲಾಖೆಗೆ ಹೋಗಿ ಎಂದರು. ಅಲ್ಲಿಯವರು ಇದು ಹೆಂಡ, ಅಬಕಾರಿಗೆ ಹೋಗಿ ಎಂದರು. ಒಬ್ಬರು ಮಾತ್ರ ನಿಜವಾದ ಕಾಳಜಿಯಿಂದ ಕೇಳಿದರು: "ಯಾಕಮ್ಮ ಇಷ್ಟೆಲ್ಲ ತಾಪತ್ರಯ? ಎಲ್ಲರೂ ಮಾಡೋ ಹಾಗೆ ಎಸೆದುಬಿಡಬಾರದಾ?"

ಎಸೆಯುವುದಕ್ಕೆ ಯಾರ ಅಪ್ಪಣೆಯೂ ಬೇಡವಂತೆ. ಉಳಿಸಿಕೊಳ್ಳುವುದಕ್ಕೆ ಮಾತ್ರ ನಾನು ಇನ್ನೆಷ್ಟು ಬಾಗಿಲು ತಟ್ಟಬೇಕು?