ಹೆಸರು ಹಿಡಿದು ಕರೆದವಳು

ಕಲಬುರಗಿ ಬಸ್ ನಿಲ್ದಾಣದ ನಟ್ಟನಡುವೆ ನಿಂತು ಈರಮ್ಮ ಕಾಕು "ಏನ್ರೀ... ಎಲ್ಲಿದ್ದೀರಿ?" ಎಂದು ಕೂಗಿದರು. ಹತ್ತಾರು ಗಂಡಸರು ಒಟ್ಟಿಗೆ ತಿರುಗಿ ನೋಡಿದರು. ನಮಗೆ ಬೇಕಾದವರು ಮಾತ್ರ ಅವರಲ್ಲಿರಲಿಲ್ಲ.

ಮೈಸೂರಿನಲ್ಲಿ ಕೂತು ಇದನ್ನು ಓದುವ ನಿಮಗೆ ನಗು ಬರಬಹುದು. ನಮಗೆ ಅದು ನಗುವ ಹೊತ್ತಾಗಿರಲಿಲ್ಲ. ಕಾಣೆಯಾದವರು ಕಾಕುವಿನ ಗಂಡ, ಸಕ್ಕರೆ ಕಾಯಿಲೆಯವರು. ಬೆಳಗ್ಗೆ ಇನ್ಸುಲಿನ್ ಚುಚ್ಚಿಸಿಕೊಂಡು ಕಮಲಾಪುರದಿಂದ ಆಸ್ಪತ್ರೆಗೆ ಬಂದಿದ್ದರು, ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ನಾನು ಮತ್ತು ಕಾಕು ತಿನ್ನಲು ಮಂಡಕ್ಕಿಯ ಸುಸಲಾ ತರಲು ಹೋಗಿ ಬರುವಷ್ಟರಲ್ಲಿ ಅವರನ್ನು ಕೂರಿಸಿದ್ದ ಬೆಂಚು ಖಾಲಿ. ಸಕ್ಕರೆ ಇಳಿದರೆ ಅವರಿಗೆ ಮೊದಲು ದಿಕ್ಕು ತಪ್ಪುತ್ತದೆ, ಆಮೇಲೆ ಪ್ರಜ್ಞೆ. ಹೆಸರು ಬರೆದಿದ್ದ ಆಸ್ಪತ್ರೆಯ ಚೀಟಿ ಅವರ ಅಂಗಿಯ ಜೇಬಿನಲ್ಲೇ ಇತ್ತು.

ಮಾನವಶಾಸ್ತ್ರ ಕಲಿಸುವ ಕೆಲಸ ಸಿಕ್ಕಿ ಈ ಕಡೆಗೆ ಬಂದವಳು ನಾನು. ಕಲಬುರಗಿಯ ಬ್ರಹ್ಮಪುರದಲ್ಲಿ ಕೋಣೆ ಕೇಳಿದಾಗ ಮಾಲೀಕರ ಮೊದಲ ಪ್ರಶ್ನೆ, "ನೀವು ಯಾರ ಪೈಕಿ ರೀ?" ನಮ್ಮಲ್ಲಾದರೆ ಮೊದಲು ಏನು ಕೆಲಸ ಎನ್ನುತ್ತಾರೆ, ಇಲ್ಲಿ ಮೊದಲು ನೆಂಟಸ್ತಿಕೆ. ರಜೆಯಲ್ಲಿ ಕಮಲಾಪುರದ ಈರಮ್ಮ ಕಾಕು ಮನೆಯಲ್ಲಿದ್ದು ಕ್ಷೇತ್ರಕಾರ್ಯ ಮಾಡುತ್ತಿದ್ದೆ. ಅಂದರೆ ಜನರ ಬಗ್ಗೆ ಓದುವುದಲ್ಲ, ಅವರ ನಡುವೆ ಬದುಕಿ ಕಲಿಯುವುದು. ಅವರ ಜೊತೆ ರೊಟ್ಟಿ ಬಡಿಯುತ್ತಲೇ ಅವರನ್ನು ಗಮನಿಸುವುದಕ್ಕೆ ಸಹಭಾಗಿ ಅವಲೋಕನ ಎಂಬ ಘನವಾದ ಹೆಸರಿದೆ. ನಾನು ಬಡಿದ ಮೊದಲ ರೊಟ್ಟಿಗಳನ್ನು ಎತ್ತು ಕೂಡ ಮೂಸಲಿಲ್ಲ ಬಿಡಿ.

ಆ ಮನೆಯಲ್ಲಿ ಯಜಮಾನರಿಗೆ ಹೆಸರೇ ಇರಲಿಲ್ಲ, ನನಗೂ ಅದು ತಿಳಿದಿರಲಿಲ್ಲ. ಓಣಿಗೆಲ್ಲ ಅವರು ಕಾಕಾ, ಹೆಂಡತಿಗೆ "ಮಲ್ಲೂನ ಅಪ್ಪ". ಹೀಗೆ ಮಗುವಿನ ಹೆಸರಿನಿಂದ ಹೆತ್ತವರನ್ನು ಕರೆಯುವುದಕ್ಕೆ ನಮ್ಮ ಶಾಸ್ತ್ರದಲ್ಲಿ ಟೆಕ್ನಾನಿಮಿ ಎನ್ನುತ್ತಾರೆ. ಗಂಡನ ಹೆಸರು ಬಾಯಲ್ಲಿ ಬಂದರೆ ಅವನ ಆಯುಷ್ಯ ಕುಂದುತ್ತದೆ ಎಂದು ಕಾಕು ನಂಬಿದ್ದರು, ಅದು ನಿಷಿದ್ಧ. ನಿಷಿದ್ಧ ಮುರಿದರೆ ಪೊಲೀಸರು ಬರುವುದಿಲ್ಲ, ಎದೆ ನಡುಗುತ್ತದೆ ಅಷ್ಟೆ. ನನ್ನ ಗಂಡನನ್ನು ನಾನು "ಲೋ" ಎನ್ನುತ್ತೇನೆಂದು ತಿಳಿದ ದಿನ ಕಾಕು ಗಲ್ಲ ಗಲ್ಲ ಬಡಿದುಕೊಂಡಿದ್ದರು.

ಮಗ ಮಲ್ಲು ನಂದೂರಿನ ದಾಲ್ ಮಿಲ್ಲಿನಲ್ಲಿದ್ದ. ಮಿಷನ್ ಸದ್ದಿನಲ್ಲಿ ಅವನಿಗೆ ಫೋನ್ ಕೇಳಿಸುತ್ತಿರಲಿಲ್ಲ. ಬಸ್ಸುಗಳ ಸಮಯ ಕೂಗುವ ಮೈಕಿನ ಕಿಟಕಿಗೆ ಓಡಿದೆವು.

"ಹೆಸರೇನ್ರಿ ಅವರದು?" ಎಂದ ಮೈಕಿನವನು.

"ಕಮಲಾಪುರದ ಕಾಕಾ ಅನ್ರೀ ಯಪ್ಪಾ."

"ಅರೆ ಅಮ್ಮಾ, ಇಲ್ಲಿ ಎಲ್ಲಾರೂ ಕಾಕಾನೇ ಅದಾರ! ನಾಮ್ ಹೇಳ್ರಿ, ಜಲ್ದಿ!" ಎಂದವನು, ಆದರೂ ಹಾಗೇ ಒಮ್ಮೆ ಕೂಗಿದ. ಯಾರೂ ಬರಲಿಲ್ಲ.

ಒಡಪು ನೆನಪಾಯಿತು. ಮದುವೆಯಲ್ಲಿ ಗಂಡನ ಹೆಸರನ್ನು ಪದ್ಯದೊಳಗೆ ಸೇರಿಸಿ ಹೇಳಲು ಹೆಂಗಸರಿಗೆ ಇರುವ ದಾರಿ ಅದು. "ಒಡಪು ಹಾಕಿ ಹೇಳಿ ಕಾಕು" ಎಂದೆ.

"ಒಂದ ಸಾಲೂ ನೆನಪಿಗೆ ಬರವಲ್ದವ್ವಾ" ಎಂದು ಅವರು ಅತ್ತೇಬಿಟ್ಟರು.

ಒಂದು ಸಮಾಜದ ನಡೆಯನ್ನು ಇನ್ನೊಂದರ ಕೊಳಗದಿಂದ ಅಳೆಯಬಾರದು, ಇದೇ ಸಾಂಸ್ಕೃತಿಕ ಸಾಪೇಕ್ಷತೆ ಎಂದು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ. ಆ ಕಿಟಕಿಯ ಮುಂದೆ ನನ್ನ ಸಿಟ್ಟು ನೆತ್ತಿಗೇರಿತು. "ಅಯ್ಯೋ, ಹೇಳಿಬಿಡಿ! ಅವರೇ ಹೋದಮೇಲೆ ಹೆಸರು ಉಳಿಸಿಕೊಂಡು ಏನು ಮಾಡ್ತೀರಿ?"

"ನನ್ನ ಕೈಯಿಂದನ ಅವರ ಆಯುಷ್ಯ ಕಡೀಲೇನು?" ಎಂದು ಕಾಕು ನನ್ನನ್ನು ದಿಟ್ಟಿಸಿದರು. ಮರುಕ್ಷಣ ಕಿಟಕಿಯೊಳಗೆ ಕೈ ಚಾಚಿ ಮೈಕನ್ನೇ ಎಳೆದುಕೊಂಡರು.

"ಸಿದ್ರಾಮಪ್ಪಾ! ಏ ಸಿದ್ರಾಮಪ್ಪಾ!"

ಗರಗರ ಎನ್ನುವ ಆ ಮೈಕಿನಲ್ಲಿ ಯಾರ ದನಿ ಎಂದು ಗುರುತು ಹತ್ತುವಂತಿರಲಿಲ್ಲ. ಕಾಕು ಸೆರಗನ್ನು ಬಾಯಿಗೆ ಒತ್ತಿ ಅಲ್ಲೇ ಕುಸಿದರು.

ಹೊರಡಲು ನಿಂತಿದ್ದ ಆಳಂದದ ಬಸ್ಸಿನಿಂದ ಕಂಡಕ್ಟರ್ ಕೈ ಬೀಸಿದ. ಹಿಂದಿನ ಸೀಟಿನಲ್ಲಿ ಬೆವರಿನಲ್ಲಿ ತೊಯ್ದು ಕೂತಿದ್ದ ಮುದುಕರೊಬ್ಬರು ಹೆಸರು ಕೇಳಿ ಕೈ ಎತ್ತಿದ್ದರಂತೆ. ಹೌದು, ಕಾಕಾನೇ! ಇಳಿಸಿ ಕೂರಿಸಿ, ಸಕ್ಕರೆ ಕದಡಿದ ಚಹಾ ಗುಟುಕು ಗುಟುಕಾಗಿ ಕುಡಿಸಿದೆವು. ಎಷ್ಟೋ ಹೊತ್ತಿನ ಮೇಲೆ ಕಣ್ಣಿಗೆ ಕಳೆ ಬಂತು. ಬಂದದ್ದೇ ತಡ, ಕೇಳಿದರು: "ನನ್ನ ಹೆಸರ ಹಿಡದು ಒದರಿದಾಕಿ ಯಾರು?"

ಕಾಕು ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟರು. ನನ್ನ ಕಡೆ ನೋಡಲೇ ಇಲ್ಲ. "ಈಕಿರೀ, ನಮ್ಮ ಹುಡುಗಿ. ಪರ ಊರಾಕಿ, ತಿಳೀಲಾರದ ಕರದಾಳ. ಆಕಿ ಕರದ್ರ ಏನೂ ಆಗಂಗಿಲ್ಲ, ಬಿಡ್ರಿ."

"ಹೌದು ಕಾಕಾ, ನಾನೇ" ಎಂದೆ.

ರಕ್ತಸಂಬಂಧವಿಲ್ಲದವರನ್ನು ಮನೆಯವರೆಂದುಕೊಳ್ಳುವುದಕ್ಕೆ ಕಲ್ಪಿತ ಬಾಂಧವ್ಯ ಎಂದು ಪಾಠ ಮಾಡುತ್ತೇನೆ. ನಮ್ಮ ಹುಡುಗಿ, ಪರ ಊರಾಕಿ: ಒಂದೇ ಉಸಿರಿನಲ್ಲಿ ನಾನು ಎರಡೂ ಆದೆ. ಸಂತೋಷವೂ ಆಯಿತು, ಚುರುಕ್ ಎಂದೂ ಅನ್ನಿಸಿತು. ಕಮಲಾಪುರದ ಬಸ್ಸಿನಲ್ಲಿ ಕಾಕು ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ. "ಯಾರ ಮುಂದನೂ ಹೇಳಬ್ಯಾಡವ್ವಾ" ಎಂದು ಕಿವಿಯಲ್ಲಿ ಹೇಳಿದರು.

ಈ ಕಡೆ ಯಾರಿಗೂ ಹೇಳಿಲ್ಲ, ನಮ್ಮೂರಿನವರೆಂದು ನಿಮಗೆ ಹೇಳುತ್ತಿದ್ದೇನೆ. ಇದನ್ನು ಬರೆಯುವಾಗ ಕಾಕಾನ ನಿಜವಾದ ಹೆಸರನ್ನೇ ಬರೆಯಬೇಕೆಂದುಕೊಂಡೆ. ಕೈ ಏಳಲಿಲ್ಲ. ಮೇಲೆ ನೀವು ಓದಿದ್ದು ಅವರ ಹೆಸರಲ್ಲ.